ಗಣಕಪಾಠದಲ್ಲಿ ವಸ್ತು ಮತ್ತು ವರ್ಗ: ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲ ಹೆಜ್ಜೆಗಳು

(ಮೆಟ್ಟುಪಾಳ್ಯಂನಲ್ಲಿ ಕನ್ನಡ ಮಾಧ್ಯಮ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಪಾಠ)



ವಸ್ತು ಆಧಾರಿತ ಕ್ರಮವಿಧಿ ರಚನೆಯನ್ನೂ, ಗಣಕದ ತೆರೆಯ ಮೇಲೆ ಕಿಟಕಿಯಾಗಿ ತೆರೆದುಕೊಳ್ಳುವ ಸಣ್ಣ ಕ್ರಮವಿಧಿಗಳ ತಯಾರಿಕೆಯನ್ನೂ ಆರಂಭಿಕ ಹಂತದ ಮಕ್ಕಳಿಗೆ ಹೇಗೆ ಕಲಿಸಬೇಕೆಂಬುದು ಇಂದಿನ ವಿಷಯ. ನಮ್ಮಲ್ಲಿ ಬಹುಮಂದಿ ಗಣಕ ವಿಜ್ಞಾನವನ್ನು ಓದಿದವರಲ್ಲ. ಭಾಷೆ, ಗಣಿತ, ವಿಜ್ಞಾನಗಳನ್ನು ಬೋಧಿಸುವವರು. ಆದರೂ ಈ ಪಾಠದ ಮುಖ್ಯ ಭಾಗವನ್ನು ಕಲಿಸಬಲ್ಲವರು ನಾವೇ ಎಂಬುದನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಸಮಸ್ಯೆ ಎಲ್ಲಿದೆ ಎಂಬುದನ್ನು ಮೊದಲು ನೋಡೋಣ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಮಗು ಹನ್ನೊಂದನೆಯ ತರಗತಿಯಲ್ಲಿ ಗಣಕ ವಿಜ್ಞಾನವನ್ನು ಆರಿಸಿಕೊಂಡರೆ, ಹೆಚ್ಚಿನ ಸಂದರ್ಭಗಳಲ್ಲಿ ಇಂಗ್ಲಿಷಿನಲ್ಲಿಯೋ ತಮಿಳಿನಲ್ಲಿಯೋ ಓದಬೇಕಾಗುತ್ತದೆ. ತಮಿಳುನಾಡಿನ ಪಠ್ಯಕ್ರಮದಲ್ಲಿ ಹನ್ನೊಂದನೆಯ ತರಗತಿಗೆ ಸಿ ಪ್ಲಸ್ ಪ್ಲಸ್ ಭಾಷೆಯೂ ಹನ್ನೆರಡನೆಯ ತರಗತಿಗೆ ಪೈಥಾನ್ ಭಾಷೆಯೂ ಇವೆ. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಎಂಬ ಪದಗಳು ಆ ಮಗುವಿನ ಮುಂದೆ ಕೆಲವೇ ವಾರಗಳಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ. ಹೊಸ ಭಾಷೆ, ಹೊಸ ಯಂತ್ರ, ಹೊಸ ಕಲ್ಪನೆ ಮೂರೂ ಒಟ್ಟಿಗೆ ಬಂದಾಗ ಮಗು ವ್ಯಾಖ್ಯೆಗಳನ್ನು ಕಂಠಪಾಠ ಮಾಡುತ್ತದೆ. ಪರೀಕ್ಷೆಯಲ್ಲಿ ಉತ್ತೀರ್ಣವಾಗಬಹುದು, ಕ್ರಮವಿಧಿ ಬರೆಯಲು ಬರುವುದಿಲ್ಲ. ತನಗೆ ಗಣಕ ಒಲಿಯುವುದಿಲ್ಲವೆಂದು ಅದು ತೀರ್ಮಾನಿಸಿಬಿಡುತ್ತದೆ. ಈ ತೀರ್ಮಾನ ಮಗುವಿನ ಮುಂದಿನ ಓದನ್ನೂ ಉದ್ಯೋಗವನ್ನೂ ನಿರ್ಧರಿಸುತ್ತದೆಯಾದ್ದರಿಂದ ಇದನ್ನು ಹಗುರವಾಗಿ ಕಾಣುವಂತಿಲ್ಲ. ಎಂಟು, ಒಂಬತ್ತನೆಯ ತರಗತಿಗಳಲ್ಲಿಯೇ ಆ ಕಲ್ಪನೆಗಳು ಕನ್ನಡದಲ್ಲಿ ಮನಸ್ಸಿಗೆ ಇಳಿದಿದ್ದರೆ, ಮುಂದೆ ಬದಲಾಗುವುದು ಹೆಸರುಗಳು ಮಾತ್ರ.

ವಿಚಾರದ ಹುಟ್ಟು

ಈ ವಿಧಾನ ಹುಟ್ಟಿದ ಬಗೆಯನ್ನು ಅರಿತರೆ ಕಲಿಸುವ ದಾರಿಯೂ ಹೊಳೆಯುತ್ತದೆ. 1960ರ ದಶಕದಲ್ಲಿ ನಾರ್ವೆಯ ಆಸ್ಲೋ ನಗರದಲ್ಲಿ ಊಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ನಿಜ ಜಗತ್ತಿನ ವ್ಯವಹಾರಗಳನ್ನು ಗಣಕದಲ್ಲಿ ಅನುಕರಿಸಿ ನೋಡುವುದಕ್ಕಾಗಿ ಸಿಮ್ಯುಲಾ ಎಂಬ ಭಾಷೆಯನ್ನು ರೂಪಿಸಿದರು. ಸರದಿಯಲ್ಲಿ ಕಾಯುವವರು, ಸೇವೆ ನೀಡುವವರು, ಸಾಗಿಹೋಗುವ ಸರಕು, ಇವುಗಳನ್ನು ಬರಿಯ ಅಂಕಿಗಳ ಪಟ್ಟಿಯಾಗಿ ಬರೆಯುವುದಕ್ಕಿಂತ, ತಮ್ಮ ಸ್ಥಿತಿಯನ್ನು ತಾವೇ ಬಲ್ಲ, ತಮ್ಮ ಕೆಲಸವನ್ನು ತಾವೇ ಮಾಡಬಲ್ಲ ಘಟಕಗಳಾಗಿ ಬರೆಯುವುದು ಸುಲಭವೆಂದು ಅವರು ಕಂಡುಕೊಂಡರು. ಅದರ 1967ರ ರೂಪದಲ್ಲಿ ವರ್ಗ, ವಸ್ತು, ಉಪವರ್ಗಗಳ ಕಲ್ಪನೆ ಸ್ಪಷ್ಟವಾಗಿ ಮೂಡಿತು.

ಮುಂದೆ 1970ರ ದಶಕದಲ್ಲಿ ಅಮೆರಿಕದ ಪಾಲೋ ಆಲ್ಟೊದಲ್ಲಿದ್ದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ಆಲನ್ ಕೇ, ಅಡೆಲ್ ಗೋಲ್ಡ್‌ಬರ್ಗ್, ಡ್ಯಾನ್ ಇಂಗಾಲ್ಸ್ ಮೊದಲಾದವರು ಸ್ಮಾಲ್‌ಟಾಕ್ ಎಂಬ ಭಾಷೆಯನ್ನು ಬೆಳೆಸಿದರು. ಮಕ್ಕಳ ಕೈಗೆ ಗಣಕವನ್ನು ಕೊಡುವುದು ಆಲನ್ ಕೇ ಅವರ ಹಂಬಲವಾಗಿತ್ತು. ಶಾಲಾ ಮಕ್ಕಳಿಗೆ ಅದನ್ನು ಕಲಿಸಿಯೂ ನೋಡಿದರು. ಇಂದು ನಾವು ತೆರೆಯ ಮೇಲೆ ಕಾಣುವ ಒಂದರ ಮೇಲೊಂದು ಕಿಟಕಿಗಳು, ಮೌಸಿನಿಂದ ಆಯುವ ಪಟ್ಟಿಗಳು ಆ ಕೇಂದ್ರದಲ್ಲಿಯೇ ಬೆಳೆದವು. ಎಂದರೆ ವಸ್ತು ಆಧಾರಿತ ವಿಧಾನವೂ ಕಿಟಕಿಯುಳ್ಳ ಕ್ರಮವಿಧಿಯೂ ಒಂದೇ ಮನೆಯಲ್ಲಿ ಬೆಳೆದ ಕೂಸುಗಳು. ಇವನ್ನು ಒಟ್ಟಿಗೆ ಕಲಿಸುವುದು ಸಹಜ. ನಮ್ಮ ಮಕ್ಕಳು ವಿಜ್ಞಾನ ಪುಸ್ತಕದಲ್ಲಿ ಪರಿಚಯ ಮಾಡಿಕೊಳ್ಳುವ ಸ್ಕ್ರ್ಯಾಚ್‌ನ ಮೊದಲ ಆವೃತ್ತಿಗಳೂ ಸ್ಮಾಲ್‌ಟಾಕ್‌ನ ಒಂದು ಕವಲಿನಲ್ಲಿಯೇ ರಚನೆಯಾದವು. ಸ್ಕ್ರ್ಯಾಚ್‌ನ ಬೆಕ್ಕಿಗೆ ತನ್ನ ಸ್ಥಾನ, ಗಾತ್ರ, ದಿಕ್ಕುಗಳು ಗೊತ್ತು. ನಡೆಯುವುದೂ ತಿರುಗುವುದೂ ಗೊತ್ತು. ಅದೊಂದು ವಸ್ತು.

ಮೆಟ್ಟುಪಾಳ್ಯಂ ನೀಡುವ ಉದಾಹರಣೆ

ನಾವು ಸೇರಿರುವ ಈ ಊರಿನ ನಿಲ್ದಾಣದಿಂದ ನೀಲಗಿರಿಯ ಬೆಟ್ಟದ ರೈಲು ಹೊರಡುತ್ತದೆ. 1899ರಲ್ಲಿ ಕೂನೂರಿನವರೆಗೂ 1908ರಲ್ಲಿ ಉದಕಮಂಡಲದವರೆಗೂ ತೆರೆದ, 46 ಕಿಲೋಮೀಟರಿನ ಈ ಮಾರ್ಗವನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲುಪಟ್ಟಿಯಿದೆ. ಅದನ್ನು ಕಚ್ಚಿಕೊಂಡು ಉಗಿ ಎಂಜಿನ್ ಮೇಲೇರುತ್ತದೆ. ಇಲ್ಲಿನ ಉಗಿ ಎಂಜಿನ್‌ಗಳಿಗೆ ರೈಲ್ವೆಯವರು ಇಟ್ಟ ಹೆಸರೇ ‘ಎಕ್ಸ್ ಕ್ಲಾಸ್’. ಗಣಕಪಾಠದ ಪದವೇ ನಮ್ಮ ಮುಂದಿದೆ.

ಎಕ್ಸ್ ಕ್ಲಾಸ್ ಎಂಬುದು ಒಂದು ವಿನ್ಯಾಸ. ಆ ವಿನ್ಯಾಸಕ್ಕೆ ಅನುಸಾರವಾಗಿ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನ ಕಾರ್ಖಾನೆಯಲ್ಲಿ ತಯಾರಾಗಿ ಬಂದ ಒಂದೊಂದು ಎಂಜಿನ್ನಿಗೂ ತನ್ನದೇ ಆದ ಐದಂಕಿಯ ಸಂಖ್ಯೆಯಿದೆ. ವಿನ್ಯಾಸವು ವರ್ಗ; ಸಂಖ್ಯೆ ಹೊತ್ತು ಹಳಿಯ ಮೇಲೆ ನಿಂತಿರುವುದು ವಸ್ತು. ವಿನ್ಯಾಸಕ್ಕೆ ನೀರು ತುಂಬಲಾಗದು, ಎಂಜಿನ್ನಿಗೆ ತುಂಬಬಹುದು. ಒಂದೇ ಬೆಳಿಗ್ಗೆ ಒಂದು ಎಂಜಿನ್ನಿನ ನೀರಿನ ತೊಟ್ಟಿ ತುಂಬಿರಬಹುದು, ಇನ್ನೊಂದರದು ಬರಿದಾಗಿರಬಹುದು. ಇಷ್ಟನ್ನು ಮಗು ತನ್ನ ಮಾತಿನಲ್ಲಿ ಹೇಳಿದರೆ ವರ್ಗಕ್ಕೂ ವಸ್ತುವಿಗೂ ಇರುವ ಭೇದ ತಿಳಿದಂತಾಯಿತು.

ಉಳಿದ ಮೂರು ಕಲ್ಪನೆಗಳೂ ಇಲ್ಲಿಯೇ ದೊರೆಯುತ್ತವೆ. ಚಾಲಕನು ಹಿಡಿಕೆಯನ್ನು ಎಳೆಯುತ್ತಾನೆ. ಒಳಗೆ ಉಗಿ ಯಾವ ಕೊಳವೆಯಲ್ಲಿ ಹರಿಯಿತೆಂಬುದನ್ನು ಗಾರ್ಡಾಗಲಿ ಪ್ರಯಾಣಿಕನಾಗಲಿ ತಿಳಿಯಬೇಕಿಲ್ಲ. ಒಳಗಿನದನ್ನು ಒಳಗಿಟ್ಟು, ಹೊರಗಿನವರಿಗೆ ಬೇಕಾದಷ್ಟನ್ನು ಮಾತ್ರ ತೆರೆದಿಡುವ ಇದನ್ನು ಅಡಕ ಎನ್ನೋಣ. ಇತ್ತೀಚಿನ ದಶಕಗಳಲ್ಲಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಯಾಗಾರದಲ್ಲಿ ಎಣ್ಣೆ ಉರಿಸುವ ಎಕ್ಸ್ ಕ್ಲಾಸ್ ಎಂಜಿನ್‌ಗಳು ತಯಾರಾದವು. ಹಲ್ಲುಗಾಲಿ, ಉಗಿಯಿಂದ ಚಲಿಸುವ ಕ್ರಮ ಮುಂತಾದವು ಹಳೆಯ ವಿನ್ಯಾಸದಿಂದ ಬಂದವು. ಇಂಧನದ ವ್ಯವಸ್ಥೆ ಬದಲಾಯಿತು. ಇರುವುದನ್ನು ಪಡೆದು, ಬೇಕಾದುದನ್ನು ಬದಲಿಸಿಕೊಳ್ಳುವ ಇದು ಆನುವಂಶಿಕತೆ. ಕೂನೂರಿನವರೆಗೆ ಉಗಿ ಎಂಜಿನ್, ಅಲ್ಲಿಂದ ಮುಂದೆ ಡೀಸೆಲ್ ಎಂಜಿನ್. ಗಾರ್ಡ್ ತೋರಿಸುವ ಹಸಿರು ಬಾವುಟ ಎರಡಕ್ಕೂ ಒಂದೇ. ‘ಹೊರಡು’ ಎಂಬ ಆಜ್ಞೆಯನ್ನು ಎರಡೂ ತಮ್ಮ ತಮ್ಮ ರೀತಿಯಲ್ಲಿ ಪಾಲಿಸುತ್ತವೆ. ಇದು ಬಹುರೂಪತೆ.

ಹೋಲಿಕೆಗಳ ಮಿತಿ

ಪ್ರತಿಯೊಂದು ಹೋಲಿಕೆಯೂ ಒಂದು ಹಂತದಲ್ಲಿ ನಿಂತುಹೋಗುತ್ತದೆ. ಎಲ್ಲಿ ನಿಲ್ಲುತ್ತದೆಂಬುದನ್ನು ಮಕ್ಕಳಿಂದಲೇ ಹೇಳಿಸಬೇಕು. ವರ್ಗವನ್ನು ಬೆಲ್ಲದ ಅಚ್ಚಿಗೆ ಹೋಲಿಸುವುದುಂಟು. ಅಚ್ಚಿನಿಂದ ಬಂದ ಬೆಲ್ಲಗಳೆಲ್ಲ ಒಂದೇ ತೆರನಾಗಿರುತ್ತವೆ. ಆದರೆ ಒಂದೇ ವರ್ಗದ ವಸ್ತುಗಳ ಗುಣಗಳ ಬೆಲೆಗಳು ಬೇರೆ ಬೇರೆಯಾಗಿರುತ್ತವೆ. ಶಾಲೆಯ ದಾಖಲಾತಿ ಅರ್ಜಿಯ ಖಾಲಿ ನಮೂನೆಗೆ ಹೋಲಿಸಿದರೆ ಈ ತೊಡಕು ನೀಗುತ್ತದೆ: ನಮೂನೆ ಒಂದೇ, ತುಂಬಿದ ಅರ್ಜಿಗಳು ಬೇರೆ. ಆದರೆ ಅರ್ಜಿಯು ಏನನ್ನೂ ಮಾಡಲಾರದು; ವಸ್ತು ಕ್ರಿಯೆಯನ್ನೂ ಮಾಡಬಲ್ಲದು.

ಇಲ್ಲಿಗೆ ಹತ್ತಿರದ ಸಿರುಮುಗೈಯಲ್ಲಿ ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳು ರೇಷ್ಮೆ ಸೀರೆಗಳನ್ನು ನೇಯುತ್ತವೆ. ಜಕಾರ್ಡ್ ಮಗ್ಗದಲ್ಲಿ ರಂಧ್ರವಿರುವ ಕಾರ್ಡುಗಳ ಒಂದೇ ಸರಣಿಯಿಂದ, ಹಾಸು ಹೊಕ್ಕಿನ ಬಣ್ಣ ಬದಲಿಸಿ, ಬೇರೆ ಬೇರೆ ಸೀರೆಗಳನ್ನು ನೇಯಬಹುದು. ವಿನ್ಯಾಸ ಒಂದು, ಬಣ್ಣವೆಂಬ ಗುಣದ ಬೆಲೆ ಹಲವು. ನೇಕಾರರ ಮನೆಯ ಮಗುವಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಈ ಕಾರ್ಡುಗಳ ಉಪಾಯವನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣನಯಂತ್ರದ ಯೋಜನೆಯಲ್ಲಿ ಅಳವಡಿಸಿಕೊಂಡನೆಂಬುದನ್ನೂ ಆ ಮಗುವಿಗೆ ತಿಳಿಸಬೇಕು. ಗಣಕದ ಚರಿತ್ರೆಯಲ್ಲಿ ಮಗ್ಗಕ್ಕೆ ಸ್ಥಾನವಿದೆಯೆಂದು ತಿಳಿದ ಮಗು ಗಣಕವನ್ನು ಪರಕೀಯವೆಂದು ಭಾವಿಸುವುದಿಲ್ಲ.

ಪದಗಳ ಆಯ್ಕೆ

ಪಾರಿಭಾಷಿಕ ಪದಗಳ ವಿಷಯದಲ್ಲಿ ಎಚ್ಚರ ಅಗತ್ಯ. ‘ಕ್ಲಾಸ್’ ಎಂದರೆ ಮಗುವಿಗೆ ತಾನು ಕುಳಿತಿರುವ ಕೋಣೆ ನೆನಪಾಗುತ್ತದೆ. ‘ವರ್ಗ’ ಎಂದರೆ ಗಣಿತದ ಪಾಠದಲ್ಲಿ ಒಂದು ಸಂಖ್ಯೆಯನ್ನು ಅದೇ ಸಂಖ್ಯೆಯಿಂದ ಗುಣಿಸಿದ ಫಲ. ಐದರ ವರ್ಗ ಇಪ್ಪತ್ತೈದು. ಆದ್ದರಿಂದ ಮೊದಲ ದಿನಗಳಲ್ಲಿ ‘ನಮೂನೆ’ ಎಂಬ ಪದವನ್ನೇ ಬಳಸಿ, ಕಲ್ಪನೆ ನೆಲೆಗೊಂಡ ಮೇಲೆ ‘ವರ್ಗ’ ಎಂದೂ, ಕೊನೆಯಲ್ಲಿ ‘ಕ್ಲಾಸ್’ ಎಂದೂ ಹೇಳುವುದು ಒಳ್ಳೆಯದು. ಗುಣಗಳಿಗೆ ‘ತಿಳಿದಿರುವುದು’, ಕ್ರಿಯೆಗಳಿಗೆ ‘ಮಾಡಬಲ್ಲದ್ದು’ ಎಂಬ ಸರಳ ಮಾತುಗಳು ಸಾಕು. ಇಂಗ್ಲಿಷ್ ಪದವನ್ನು ಮರೆಮಾಚಬಾರದು. ಮುಂದೆ ಪಠ್ಯಪುಸ್ತಕದಲ್ಲಿ ಬರುವುದು ಅದೇ. ಕಪ್ಪುಹಲಗೆಯ ಒಂದು ಬದಿಯಲ್ಲಿ ಕನ್ನಡ ಪದ, ಇಂಗ್ಲಿಷ್ ಪದ, ತಮಿಳು ಪದಗಳ ಪಟ್ಟಿಯೊಂದು ಬೆಳೆಯುತ್ತ ಹೋಗಲಿ.

ಗಣಕವಿಲ್ಲದೆ ಆರಂಭ

ಅನೇಕ ಶಾಲೆಗಳಲ್ಲಿ ಗಣಕಗಳು ಕಡಿಮೆ. ಅದರಿಂದ ಪಾಠ ನಿಲ್ಲಬೇಕಿಲ್ಲ. 1989ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಇಬ್ಬರು ತಜ್ಞರು ವಸ್ತು ಆಧಾರಿತ ಚಿಂತನೆಯನ್ನು ಕಲಿಸಲು ಕಾಗದದ ಚೀಟಿಗಳ ವಿಧಾನವೊಂದನ್ನು ಪ್ರಕಟಿಸಿದರು. ಒಂದು ಚೀಟಿಗೆ ಒಂದು ವರ್ಗ. ಚೀಟಿಯ ಮೇಲ್ಭಾಗದಲ್ಲಿ ವರ್ಗದ ಹೆಸರು, ಎಡಬದಿಯಲ್ಲಿ ಅದರ ಹೊಣೆಗಳು, ಬಲಬದಿಯಲ್ಲಿ ಆ ಹೊಣೆಯನ್ನು ನಿರ್ವಹಿಸಲು ಅದು ಯಾರ ನೆರವು ಪಡೆಯಬೇಕೆಂಬುದು. ವೃತ್ತಿಪರರಿಗಾಗಿ ರೂಪುಗೊಂಡ ಈ ವಿಧಾನ ನಮ್ಮ ತರಗತಿಗೂ ಚೆನ್ನಾಗಿ ಹೊಂದುತ್ತದೆ.

ಶಾಲೆಯ ಗ್ರಂಥಾಲಯವನ್ನು ವಿಷಯವಾಗಿ ತೆಗೆದುಕೊಳ್ಳಿ. ಪುಸ್ತಕ, ವಿದ್ಯಾರ್ಥಿ, ಎರವಲು, ಪುಸ್ತಕಪಟ್ಟಿ ಎಂಬ ನಾಲ್ಕು ಚೀಟಿಗಳು ಸಾಕು. ಒಂದು ಚೀಟಿ ಹೀಗಿರಬಹುದು:

ಹೆಸರು: ಪುಸ್ತಕ
ತಿಳಿದಿರುವುದು: ಶೀರ್ಷಿಕೆ, ಲೇಖಕ, ದಾಖಲೆ ಸಂಖ್ಯೆ, ಕಪಾಟಿನಲ್ಲಿದೆಯೋ ಇಲ್ಲವೋ
ಮಾಡಬಲ್ಲದ್ದು: ಎರವಲು ಹೋಗು, ಹಿಂದಿರುಗು, ಸ್ಥಿತಿ ತಿಳಿಸು
ನೆರವು: ಎರವಲು

ನಾಲ್ವರು ಮಕ್ಕಳು ಒಂದೊಂದು ಚೀಟಿಯನ್ನು ಹಿಡಿದು ನಿಲ್ಲಲಿ. ನಿಯಮ ಒಂದೇ: ಇನ್ನೊಬ್ಬರ ಚೀಟಿಯನ್ನು ಇಣುಕಿ ನೋಡುವಂತಿಲ್ಲ, ಬೇಕಾದುದನ್ನು ಕೇಳಿ ತಿಳಿಯಬೇಕು. ವಿದ್ಯಾರ್ಥಿಯು ಪುಸ್ತಕವನ್ನು ‘ನೀನು ಕಪಾಟಿನಲ್ಲಿರುವೆಯಾ?’ ಎಂದು ಕೇಳುತ್ತಾನೆ, ಪುಸ್ತಕ ಉತ್ತರಿಸುತ್ತದೆ. ಆಟ ನಡೆದಂತೆ ಪ್ರಶ್ನೆಗಳು ತಾವಾಗಿ ಏಳುತ್ತವೆ. ಒಂದೇ ಕಾದಂಬರಿಯ ಎರಡು ಪ್ರತಿಗಳಿದ್ದರೆ ಅವು ಒಂದು ವಸ್ತುವೋ ಎರಡೋ? ಒಂದೇ ಹೆಸರಿನ ಇಬ್ಬರು ಬಾಲಕಿಯರಿದ್ದರೆ ಪುಸ್ತಕ ಯಾರ ಬಳಿ ಇದೆಯೆಂದು ತಿಳಿಯುವುದು ಹೇಗೆ? ದಾಖಲೆ ಸಂಖ್ಯೆಯಿಂದ ಎಂಬ ಉತ್ತರ ನಮಗೆ ಹಾಜರಿ ಪುಸ್ತಕದಿಂದಲೇ ಗೊತ್ತು. ಗುಣಗಳು ಸಮನಾಗಿದ್ದರೂ ವಸ್ತುಗಳು ಬೇರೆಯಾಗಿರಬಹುದೆಂಬ ಗಹನವಾದ ವಿಚಾರವನ್ನು ಮಕ್ಕಳು ಹೀಗೆ ತಾವೇ ತಲುಪುತ್ತಾರೆ.

ಕಿಟಕಿಯುಳ್ಳ ಕ್ರಮವಿಧಿ

ಚೀಟಿಗಳ ಆಟ ಮುಗಿದ ಮೇಲೆ ಗಣಕಕ್ಕೆ ಬರೋಣ. ತಮಿಳುನಾಡು ಸರ್ಕಾರ 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಯಂತ್ರಗಳು ಅಕ್ಕ ಅಣ್ಣಂದಿರ ಮೂಲಕ ಕೆಲವು ಮನೆಗಳಲ್ಲಿವೆ. ಅಂತಹ ಹಳೆಯ ಯಂತ್ರವೂ ಈ ಕೆಲಸಕ್ಕೆ ಸಾಕಾಗಬಹುದು. ಭಾಷೆ ಪೈಥಾನ್ ಆಗಲಿ: ಉಚಿತ, ಬರವಣಿಗೆ ಸರಳ, ಹನ್ನೆರಡನೆಯ ತರಗತಿಯಲ್ಲಿ ಮುಂದುವರಿಯುತ್ತದೆ. ಕಿಟಕಿಗಳನ್ನು ರಚಿಸುವ ಟಿಕೆಇಂಟರ್ ಎಂಬ ಸಾಧನವೂ ಮಾಹಿತಿಯನ್ನು ಕೂಡಿಡುವ ಎಸ್‌ಕ್ಯೂಲೈಟ್ ಎಂಬ ಸಾಧನವೂ ವಿಂಡೋಸ್‌ನ ಪೈಥಾನ್‌ನೊಡನೆಯೇ ಬರುತ್ತವೆ. ಕೆಲವು ಲಿನಕ್ಸ್ ಯಂತ್ರಗಳಲ್ಲಿ ಟಿಕೆಇಂಟರನ್ನು ಬೇರೆಯಾಗಿ ಸ್ಥಾಪಿಸಬೇಕಾಗುತ್ತದೆ. ಒಮ್ಮೆ ಸ್ಥಾಪಿಸಿದರೆ ಅಂತರ್ಜಾಲದ ಹಂಗಿಲ್ಲ. ಬೆಟ್ಟದ ಮೇಲಿನ ಶಾಲೆಗಳಿಗೆ ಇದು ದೊಡ್ಡ ಅನುಕೂಲ.

ಇಲ್ಲಿ ಎರಡು ಮಾತುಗಳನ್ನು ಗಮನದಲ್ಲಿಡಬೇಕು. ಮೊದಲನೆಯದು, ಮಕ್ಕಳು ಆರಂಭದಲ್ಲಿ ಬರೆಯುವ ಕ್ರಮವಿಧಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ನಡೆದು ಮುಗಿಯುತ್ತದೆ. ಕಿಟಕಿಯುಳ್ಳ ಕ್ರಮವಿಧಿ ಹಾಗಲ್ಲ. ಅದು ತೆರೆದುಕೊಂಡು ಕಾಯುತ್ತದೆ. ಶಾಲೆಯ ಕಚೇರಿಯ ಗುಮಾಸ್ತರು ಬೆಳಿಗ್ಗೆ ಬಂದು ಕುಳಿತು, ಒಬ್ಬರು ವರ್ಗಾವಣೆ ಪತ್ರ ಕೇಳಿದರೆ ಅದನ್ನೂ, ಇನ್ನೊಬ್ಬರು ಬಸ್ ಪಾಸಿಗೆ ಸಹಿ ಕೇಳಿದರೆ ಅದನ್ನೂ ಮಾಡಿಕೊಡುವಂತೆ, ಗುಂಡಿ ಒತ್ತಿದಾಗ ಯಾವ ಕೆಲಸ ಮಾಡಬೇಕೆಂಬುದನ್ನು ಮೊದಲೇ ಬರೆದಿಡಬೇಕು. ಯಾವ ಗುಂಡಿಯನ್ನು ಯಾವಾಗ ಒತ್ತುವರೆಂಬುದು ಬಳಸುವವರಿಗೆ ಬಿಟ್ಟದ್ದು. ಈ ತಿರುವು ಮಕ್ಕಳಿಗೆ ಕಷ್ಟವೆನಿಸುತ್ತದೆ. ಒಂದು ಇಡೀ ಅವಧಿಯನ್ನು ಇದಕ್ಕೆ ಮೀಸಲಿಡಿ.

ಎರಡನೆಯದು, ಪುಸ್ತಕವೆಂಬ ವರ್ಗಕ್ಕೆ ಕಿಟಕಿಯ ವಿಷಯ ತಿಳಿದಿರಬಾರದು. ಮೊದಲು ಕಿಟಕಿಯಿಲ್ಲದೆ ಎರಡು ಪುಸ್ತಕಗಳನ್ನು ಸೃಷ್ಟಿಸಿ, ಒಂದನ್ನು ಎರವಲು ಕೊಟ್ಟು, ಎರಡರ ಸ್ಥಿತಿಯನ್ನೂ ಕೇಳಿ ನೋಡಬೇಕು. ಒಂದು ಬದಲಾಗಿ ಇನ್ನೊಂದು ಹಾಗೆಯೇ ಉಳಿದರೆ ವರ್ಗ ಸರಿಯಾಗಿದೆ. ಆಮೇಲೆ ಕಿಟಕಿ: ಬರೆಯಲು ಒಂದು ಚೌಕ, ಒತ್ತಲು ಎರಡು ಗುಂಡಿ, ತೋರಿಸಲು ಒಂದು ಪಟ್ಟಿ. ಕಿಟಕಿ ಮುಚ್ಚಿದರೆ ನೆನಪಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆಂಬುದನ್ನು ಮಕ್ಕಳು ಕಣ್ಣಾರೆ ಕಂಡ ಮೇಲೆಯೇ ಕಡತದಲ್ಲಿ ಉಳಿಸುವ ಪಾಠ ಬರಲಿ. ಮಕ್ಕಳ ಹೆಸರು, ದಾಖಲಾತಿ ಸಂಖ್ಯೆಗಳ ಹೊರತು ಜಾತಿ, ದೂರವಾಣಿ ಸಂಖ್ಯೆ ಮುಂತಾದ ವಿವರಗಳನ್ನು ಇಂತಹ ಅಭ್ಯಾಸದ ಕ್ರಮವಿಧಿಯಲ್ಲಿ ಸೇರಿಸಬಾರದು.

ಕನ್ನಡ ಅಕ್ಷರಗಳ ಪ್ರಶ್ನೆ

2008ರಲ್ಲಿ ಬಂದ ಪೈಥಾನ್ 3ರಿಂದ ವರ್ಗಗಳಿಗೂ ಗುಣಗಳಿಗೂ ಕನ್ನಡ ಲಿಪಿಯಲ್ಲಿಯೇ ಹೆಸರಿಡಲು ಅವಕಾಶವಿದೆ. ಭಾಷೆಯ ಮೂಲಪದಗಳು ಮಾತ್ರ ಇಂಗ್ಲಿಷಿನಲ್ಲಿ ಉಳಿಯುತ್ತವೆ. ತಮಿಳಿನಲ್ಲಿ ಮುತ್ತಯ್ಯ ಅಣ್ಣಾಮಲೈ ಅವರು ಮೂಲಪದಗಳೂ ತಮಿಳಾಗಿರುವ ಎಳಿಲ್ ಎಂಬ ಭಾಷೆಯನ್ನೇ ರೂಪಿಸಿದ್ದಾರೆ. ಕನ್ನಡದಲ್ಲಿ ಲೋಗೊ ಭಾಷೆಯ ಆವೃತ್ತಿಯನ್ನು ಯು. ಬಿ. ಪವನಜ ಅವರು ಸಿದ್ಧಪಡಿಸಿದರು. ಮೊದಲ ಕ್ರಮವಿಧಿಗಳಲ್ಲಿ ‘ಪುಸ್ತಕ’, ‘ಶೀರ್ಷಿಕೆ’ ಎಂದೇ ಮಕ್ಕಳು ಬರೆಯಲಿ. ಟೈಪಿಸುವಾಗ ಯುನಿಕೋಡ್ ಅಕ್ಷರಗಳನ್ನೇ ಬಳಸಬೇಕು. ಹಳೆಯ ಫಾಂಟುಗಳಲ್ಲಿ ಟೈಪಿಸಿದ್ದನ್ನು ಕ್ರಮವಿಧಿ ಗುರುತಿಸದು.

ಇಲ್ಲಿ ಒಂದು ತೊಡಕು ಎದುರಾಗುತ್ತದೆ. ಅದು ಪಾಠಕ್ಕೆ ದೊರೆಯುವ ಉತ್ತಮ ಸಂದರ್ಭವೂ ಹೌದು. ಶೀರ್ಷಿಕೆಗಳನ್ನು ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಗಣಕ ‘ಕಳಸ’ವನ್ನು ‘ಕವಿತೆ’ಗಿಂತ ಮೊದಲು ಇಡುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕೊನೆಯದು. ಯುನಿಕೋಡ್ ಸಂಖ್ಯಾಕ್ರಮದಲ್ಲಿ ಅದು ಲಕಾರದ ಬಳಿಯಲ್ಲಿ, ವಕಾರಕ್ಕಿಂತ ಮೊದಲು ಬರುತ್ತದೆ. ಹಾಗೆಯೇ ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳೆಂದು ಕೇಳಿದರೆ ಗಣಕ ಐದು ಎನ್ನುತ್ತದೆ. ಮಗು ಮೂರು ಎನ್ನುತ್ತದೆ. ಒತ್ತಕ್ಷರವನ್ನು ಗಣಕ ಬಿಡಿಸಿ ಎಣಿಸುವುದೇ ಇದಕ್ಕೆ ಕಾರಣ. ವ್ಯಾಕರಣ ಬಲ್ಲ ಕನ್ನಡ ಶಿಕ್ಷಕರು ಇದನ್ನು ಗಣಕ ಶಿಕ್ಷಕರಿಗಿಂತ ಚೆನ್ನಾಗಿ ವಿವರಿಸಬಲ್ಲರು.

ಈ ಜೋಡಣೆಯನ್ನು ಎಲ್ಲಿ ತಿದ್ದಬೇಕು? ಪುಸ್ತಕಪಟ್ಟಿ ಎಂಬ ವರ್ಗದ ಒಳಗೆ, ‘ಜೋಡಿಸು’ ಎಂಬ ಒಂದು ಕ್ರಿಯೆಯಲ್ಲಿ, ಳಕಾರಕ್ಕೆ ಹಕಾರದ ನಂತರದ ಸ್ಥಾನ ಕೊಟ್ಟರೆ ಸಾಕು. ಕಿಟಕಿಯ ಒಂದು ಸಾಲನ್ನೂ ಮುಟ್ಟಬೇಕಿಲ್ಲ. ಗುಂಡಿಗಳು ಮೊದಲಿನಂತೆಯೇ ಇರುತ್ತವೆ. ಹೊಣೆಗಳನ್ನು ಹಂಚಿಡುವುದರ ಪ್ರಯೋಜನವನ್ನು ಮಗು ಇಲ್ಲಿ ಸ್ವತಃ ಕಾಣುತ್ತದೆ. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಇಲ್ಲದ ಈ ಸಮಸ್ಯೆಯನ್ನು ಬಿಡಿಸಿದ ಕನ್ನಡ ಮಾಧ್ಯಮದ ವಿದ್ಯಾರ್ಥಿ ಹನ್ನೊಂದನೆಯ ತರಗತಿಗೆ ಹಿಂಜರಿಕೆಯಿಂದ ಹೋಗುವುದಿಲ್ಲ.

ಪಾಠದ ಕ್ರಮ

ಹೇಳಿದುದನ್ನು ಎಂಟು ಅವಧಿಗಳಲ್ಲಿ ಹೀಗೆ ಹಂಚಿಕೊಳ್ಳಬಹುದು. ಮೊದಲ ಅವಧಿಯಲ್ಲಿ ಊರಿನ ವಸ್ತುಗಳಿಂದ ವರ್ಗವನ್ನು ಗುರುತಿಸುವುದು; ಎರಡನೆಯದರಲ್ಲಿ ಹೋಲಿಕೆಗಳೂ ಅವುಗಳ ಮಿತಿಯೂ; ಮೂರು ಮತ್ತು ನಾಲ್ಕರಲ್ಲಿ ಚೀಟಿಗಳ ಆಟ; ಐದರಲ್ಲಿ ಕಿಟಕಿಯಿಲ್ಲದ ಪುಸ್ತಕ ವರ್ಗ; ಆರರಲ್ಲಿ ಕಾಯುವ ಕ್ರಮವಿಧಿ, ಗುಂಡಿ ಮತ್ತು ಪಟ್ಟಿ; ಏಳರಲ್ಲಿ ಕಡತದಲ್ಲಿ ಉಳಿಸುವುದು; ಎಂಟರಲ್ಲಿ ಅಕಾರಾದಿ ಜೋಡಣೆ. ಗಣಕ ಒಂದೇ ಇದ್ದರೆ ಮೂವರಂತೆ ಗುಂಪು ಮಾಡಿ, ಒಬ್ಬರು ಹೇಳಲಿ, ಒಬ್ಬರು ಟೈಪಿಸಲಿ, ಒಬ್ಬರು ತಪ್ಪು ಹುಡುಕಲಿ, ಸರದಿ ಬದಲಾಗಲಿ. ಮೌಲ್ಯಮಾಪನದಲ್ಲಿ ವ್ಯಾಖ್ಯೆಯನ್ನು ಕೇಳಬೇಡಿ. ಸಂತೆ, ಹಾಲಿನ ಸಂಘ, ಬಸ್ ನಿಲ್ದಾಣ, ಇವುಗಳಲ್ಲಿ ಒಂದನ್ನು ಕೊಟ್ಟು ಚೀಟಿಗಳನ್ನು ಬರೆಯಲು ಹೇಳಿ. ಏಕೆ ಹಾಗೆ ಹಂಚಿದೆಯೆಂದು ಕೇಳಿ. ಉತ್ತರದಲ್ಲಿ ತಿಳಿವಳಿಕೆ ಕಾಣಿಸುತ್ತದೆ.

ಕೊನೆಯದಾಗಿ, ಮಕ್ಕಳು ರಚಿಸಿದ ಗ್ರಂಥಾಲಯದ ಕ್ರಮವಿಧಿಯನ್ನು ಪ್ರದರ್ಶನಕ್ಕಿಟ್ಟು ಮರೆಯಬೇಡಿ. ಒಂದು ಅವಧಿಯವರೆಗೆ ಎರವಲು ವಹಿಯ ಜೊತೆಯಲ್ಲಿಯೇ ಅದನ್ನು ನಿಜವಾಗಿ ಬಳಸಿ. ಬಳಸುವಾಗ ದೋಷಗಳು ಹೊರಬರುತ್ತವೆ. ಮುಂದಿನ ವರ್ಷದ ಮಕ್ಕಳು ಅವನ್ನು ತಿದ್ದುತ್ತಾರೆ. ಹಿರಿಯರು ಬರೆದ ವರ್ಗವನ್ನು ಕಿರಿಯರು ಓದಿ ಅರ್ಥಮಾಡಿಕೊಂಡು ಬೆಳೆಸುವ ಈ ಪದ್ಧತಿ ನಮ್ಮ ಶಾಲೆಗಳಲ್ಲಿ ಕನ್ನಡದಲ್ಲಿಯೇ ನಡೆಯಬೇಕು, ನಡೆಯಬಲ್ಲದು. ತಾವು ಈ ಎಂಟು ಅವಧಿಗಳನ್ನು ಬರುವ ಶೈಕ್ಷಣಿಕ ವರ್ಷದಲ್ಲಿ ಕೈಗೆತ್ತಿಕೊಳ್ಳುವಿರೆಂದು ಆಶಿಸಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.